ಜೋಳ ಕೊಯ್ದ ಮೇಲೂ ನಿಂತ ತೊಗರಿ

ಭಾನುವಾರ, ಊಟವಾದ ಮೇಲೆ

ನನ್ನ ಪುಟ್ಟಿಗೆ,

ನಿನ್ನ ಕಾಗದ ಬಂತು. ಮೊದಲ ಸಲ ಓದಿದಾಗ ಸಿಟ್ಟು ಬಂತು, ಮತ್ತೊಮ್ಮೆ ಓದಿ ಇದನ್ನು ಬರೆಯಲು ಕೂತೆ. ಈಗಲಾದರೂ ತೊಗರಿ ಕಿತ್ತು ಹೊಲ ಬಿಟ್ಟುಕೊಡಮ್ಮ, ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ ಅಂತ ಬರೆದಿದ್ದೀಯ. ತಟ್ಟೆ ಇಟ್ಟರೆ ಉಣ್ಣುತ್ತಾರಂತೆ, ಇನ್ನೊಂದಿಷ್ಟು ಬೇಕು ಅಂತಲೂ ನಿನ್ನನ್ನು ಕೇಳುವುದಿಲ್ಲವಂತೆ. ಅಷ್ಟಾದರೂ ಕಾಗದದ ತುಂಬ ಅವರ ಪರವೇ ವಾದಿಸಿದ್ದೀಯ. ಕುರಿ ಸಾಕುವವರ ಮನೆಗೆ ಮಗಳನ್ನು ಕೊಟ್ಟು ಅವರ ಕುರಿಗೇ ಬಾಗಿಲು ಹಾಕಿದ ಬೀಗಿತ್ತಿ ನಾನೊಬ್ಬಳೇ ಇರಬೇಕು.

ನಡೆದದ್ದು ಇಷ್ಟು. ಪ್ರತಿ ವರ್ಷ ಜೋಳ ಕೊಯ್ದ ಮೇಲೆ ನಿನ್ನ ಮಾವ ಮಂದೆ ಹೊಡೆದುಕೊಂಡು ಬರುತ್ತಿದ್ದರು. ಕೊಯ್ದುಳಿದ ಕೂಳೆ ಕುರಿಗೆ, ಕುರಿ ಹಾಕಿದ ಹಿಕ್ಕೆ ಹೊಲಕ್ಕೆ ಗೊಬ್ಬರ. ಈ ಸಲವೂ ಬಂದರು. ಜೋಳದ ಸಾಲುಗಳ ನಡುವೆ ಅಕ್ಕಡಿಯಾಗಿ ಬಿತ್ತಿದ್ದ ತೊಗರಿ ಆಗ ಸೊಂಟದ ಮಟ್ಟಕ್ಕೂ ಬಂದಿರಲಿಲ್ಲ. ಹೂವಿಲ್ಲ, ಕಾಯಿಲ್ಲ, ನೆರಳಲ್ಲಿ ಸೊರಗಿತ್ತು. ನಾನು ಹೊಲದ ಬಾಯಿಗೆ ಅಡ್ಡ ನಿಂತೆ. ಇದಿನ್ನೂ ತಿಂಗಳುಗಟ್ಟಲೆ ನಿಲ್ಲಬೇಕು, ಕುರಿ ಬಿಡಕ್ಕಾಗಲ್ಲ ಅಂದೆ. ಅವರು ತೊಗರಿ ನೋಡಿದರು, ನನ್ನನ್ನು ನೋಡಿದರು. ಏನಮ್ಮಾ, ಬೇಲಿ ಹಾಕಿದ್ದು ಹೊಲಕ್ಕೋ ನನಗೋ ಅಂತ ಕೇಳಿ, ನೀರೂ ಕುಡಿಯದೆ ಮಂದೆ ತಿರುಗಿಸಿಕೊಂಡು ಹೋದರು.

ಬಿತ್ತುವ ಮುಂಚೆ ಅವರಿಗೊಂದು ಮಾತು ಹೇಳಬೇಕಿತ್ತು ಅಂತೀಯ. ಹೌದು, ಹೇಳಬೇಕಿತ್ತು. ಆದರೆ ತೊಗರಿ ಹಾಕು ಅಂತ ನೀನೇ ನನ್ನ ತಲೆ ಕೆಡಿಸಿದೆ ಅಂತ ಆ ಮನೆಯಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅದು ಶುದ್ಧ ಸುಳ್ಳು. ಹೋದ ವರ್ಷ ಬಿದ್ದದ್ದೇ ಒಂದು ದೊಡ್ಡ ಮಳೆ. ಆವತ್ತು ನಾನು ಹೊಲದಲ್ಲಿದ್ದೆ. ನೀರು ಇಂಗಲೇ ಇಲ್ಲ. ಸಿಮೆಂಟು ನೆಲ ತೊಳೆದ ಹಾಗೆ ಮೇಲೆಯೇ ಹರಿದು, ಮಣ್ಣನ್ನೂ ಎಳೆದುಕೊಂಡು ಹಳ್ಳ ಸೇರಿತು. ವರ್ಷ ವರ್ಷವೂ ಬರೀ ಜೋಳ ಹಾಕಿ ಹಾಕಿ ಮಣ್ಣು ಕಲ್ಲಾಗಿತ್ತು. ತೊಗರಿ ಬೇರು ಆಳಕ್ಕಿಳಿದು ಅದನ್ನು ಸಡಿಲ ಮಾಡಲಿ ಅಂತ ಬಿತ್ತಿದೆ, ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದರು.

ಜೋಳ ಈ ಸಲ ಕಡಿಮೆಯಾಯಿತು, ಅದನ್ನು ಮುಚ್ಚಿಡಲಾರೆ. ತೊಗರಿ ಅದರ ಜಾಗ ತಿಂದಿತು. ಎರಡು ದೋಣಿಯ ಮೇಲೆ ಕಾಲಿಟ್ಟೆಯಲ್ಲಕ್ಕಾ ಅಂತ ಪಕ್ಕದ ಹೊಲದವನು ನಕ್ಕ. ನಗಲಿ. ಈಗ ಬಂದು ನೋಡು. ಜೋಳ ಹೋಗಿ ಬಿಸಿಲು ಸಿಕ್ಕಿದ್ದೇ ತಡ, ತೊಗರಿ ನನ್ನ ಭುಜದ ಮಟ್ಟ ಬಂದಿದೆ, ಹೂ ಮುಗಿದು ಕಾಯಿ ಕಟ್ಟುತ್ತಿದೆ. ಎರಡೂ ಸೇರಿಸಿ ಅಳೆದರೆ ಹಿಂದಿಗಿಂತ ಹೆಚ್ಚೇ ಬರುತ್ತದೆ. ಬುಡದಲ್ಲಿ ಉದುರಿದ ಎಲೆ ಸರಿಸಿ ಬೆರಳು ಹಾಕಿದರೆ ಈ ಬಿಸಿಲಲ್ಲೂ ಒಳಗೆ ತಂಪಿದೆ. ಬರೀ ಜೋಳ ಬಿತ್ತಿದ್ದ ಆಚೆ ತುಂಡಿನಲ್ಲಿ ಗುದ್ದಲಿ ಟಣ್ ಅನ್ನುತ್ತದೆ.

ಒಂದು ಕೊರತೆ ಮಾತ್ರ ಎದ್ದು ಕಾಣುತ್ತಿದೆ. ಈ ಸಲ ಹೊಲಕ್ಕೆ ಹಿಕ್ಕೆ ಬಿದ್ದಿಲ್ಲ. ಉದುರಿದ ಎಲೆ ಎಷ್ಟಾದರೂ ಕುರಿಗೊಬ್ಬರಕ್ಕೆ ಸಮವಲ್ಲ. ಇಷ್ಟು ವರ್ಷ ಆ ಮಣ್ಣು ಅಷ್ಟಿಷ್ಟಾದರೂ ಜೀವ ಹಿಡಿದಿದ್ದು ನಿನ್ನ ಮಾವನ ಮಂದೆಯಿಂದ. ನಾನು ಮರೆತವಳಲ್ಲ.

ಹಾಗಂತ ತೊಗರಿ ಕೀಳಲ್ಲ. ನಿನ್ನ ಸಂಕಟ ನೋಡಿ ಕರುಳು ಕಿತ್ತು ಬರುತ್ತದೆ, ಆದರೂ ಕೀಳಲ್ಲ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ
ಮೊಂಡು ಅಮ್ಮ

ತಾ.ಕ.: ಬೀಗರೇ, ಕವರಿನ ಮೇಲೆ ಬೇಕೆಂದೇ ನಿಮ್ಮ ಹೆಸರು ಬರೆದಿದ್ದೇನೆ. ಒಡೆದು ಇಲ್ಲಿಯವರೆಗೂ ಓದಿರುತ್ತೀರಿ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ. ತೊಗರಿ ಕೊಯ್ದ ಮೇಲೆ ಆ ಹೊಲಕ್ಕೆ ಮೊದಲು ಇಳಿಯಬೇಕಾದ್ದು ನಿಮ್ಮ ಮಂದೆ. ತೊಗರಿ ಒಕ್ಕಿ ಉಳಿದ ಹೊಟ್ಟು ಎಲ್ಲ ನಿಮ್ಮ ಕುರಿಗೇ. ಮುಂದಿನ ಸಲ ಎಲ್ಲಿ ತೊಗರಿ, ಕುರಿಗೆಂದು ಯಾವ ತುಂಡು ಖಾಲಿ ಅಂತ ನೀವೇ ಬಂದು ಹೇಳಿ. ನೀವು ಬರುವವರೆಗೆ ಬಿತ್ತುವುದಿಲ್ಲ. ಸಿಟ್ಟು ನನ್ನ ಮೇಲಿರಲಿ, ಅವಳ ಮೇಲೆ ಬೇಡ. ಈ ಕಾಗದ ಅವಳದು. ಗೋಡೆಯ ಗೂಡಿನಲ್ಲಿಟ್ಟು ಸುಮ್ಮನೆ ಹೋಗಬೇಡಿ, ಕರೆದು ಕೈಗೆ ಕೊಡಿ.