ಮುಟ್ಟದೆ ಹೋಗುವ ಕಣ

ಮಾರ್ಚ್ ೯, ಸೋಮವಾರ. ದೊಡ್ಡಮಳೂರು

ಅವ್ವನನ್ನು ಮಣ್ಣು ಮಾಡಿ ಮೂರು ದಿನ. ಬೆಳಿಗ್ಗೆ ಸಮಾಧಿಗೆ ಹೋಗಿ ಹಾಲುತುಪ್ಪ ಬಿಟ್ಟೆವು. ಅಪ್ಪ ಚೊಂಬು ಕೆಳಗಿಟ್ಟು ಕೇಳಿದ: "ನೀನು ಹುಡುಕೋ ಆ ಕಣ ಭೂಮಿನೇ ತೂರ್ಕಂಡು ಬತ್ತದೆ ಅಂದಿದ್ಯಲ್ಲ ಮಗ, ಹಂಗಾರೆ ನಿಮ್ಮವ್ವನ್ನೂ ಮುಟ್ಕಂಡು ಬತ್ತದಾ?"

"ನ್ಯೂಟ್ರಿನೊ ಏನನ್ನೂ ಮುಟ್ಟಲ್ಲ ಕಣಪ್ಪ" ಅಂದುಬಿಟ್ಟೆ, ಪಾಠ ಮಾಡುವ ಹಾಗೆ. ಅಪ್ಪ ತಲೆಯಾಡಿಸಿದ. ಚೊಂಬು ಎತ್ತಿಕೊಂಡು ಮನೆ ಕಡೆ ಹೊರಟ.

ನಾನು ಹೇಳಿದ್ದು ಪೂರ್ತಿ ನಿಜವಲ್ಲ. ಕೋಟ್ಯಂತರ ಕಣಗಳಲ್ಲಿ ಯಾವುದೋ ಒಂದು ಮುಟ್ಟುತ್ತದೆ. ಆಗ ಕತ್ತಲ ನೀರಿನಲ್ಲಿ ಸಣ್ಣ ಬೆಳಕು ಏಳುತ್ತದೆ. ಸಮುದ್ರದ ತಳಕ್ಕೆ ದೂರದರ್ಶಕ ಇಳಿಸಿ ನಾವು ಕಾಯುವುದೇ ಅದಕ್ಕೆ; ಅದು ಆಕಾಶದ ಯಾವ ಮೂಲೆಯಿಂದ ಹೊರಟಿತೆಂದು ಹುಡುಕುವುದಕ್ಕೆ. ಹಾಗೆ ಕಾಯುತ್ತಿದ್ದಾಗಲೇ ಅವ್ವ ಹೋದಳು.

ಒಂದಾದರೂ ಮುಟ್ಟುತ್ತದೆ ಅನ್ನುವುದನ್ನು ಅಲ್ಲೇ ಹೇಳಬೇಕಿತ್ತು. ನಾಳೆ ಹೇಳಿದರೆ ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಳ್ಳುತ್ತಾನೆ ಅಪ್ಪ.