ಖಾಲಿ ಬಾಟಲಿಗಳ ಜಗಳ

ಜನಕಪುರಿ, ನವದೆಹಲಿ
೧೪ ಏಪ್ರಿಲ್ ೨೦೦೪, ಬುಧವಾರ

ಪ್ರೀತಿಯ ಸುಮಿತ್ರಾ,

ಅತ್ತೆಯವರ ಸೊಂಟದ ನೋವು ಹೇಗಿದೆ? ಕೋಲು ಹಿಡಿದು ಬಚ್ಚಲಿನವರೆಗೆ ನಡೆದರೆಂದು ನೀನು ಹೇಳಿದ್ದು ಕೇಳಿ ಸಮಾಧಾನವಾಯಿತು. ದಾವಣಗೆರೆಯ ಬಿಸಿಲಿನಲ್ಲಿ ನೀನೂ ಅಡ್ಡಾಡಿ ಬಿ.ಪಿ. ಏರಿಸಿಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ. ನೀನಿಟ್ಟು ಹೋದ ಶೇಂಗಾ ಚಟ್ನಿಪುಡಿ ಮುಗಿದು ಮೂರು ದಿನವಾಯಿತು. ಮೂಲೆಯ ಢಾಬಾದ ಭಯ್ಯಾ ದಾಲ್ ಎಂದು ಕೊಡುವ ಹಳದಿ ನೀರಿನ ಮೇಲೆ ಜೀವ ಹಿಡಿದಿದ್ದೇನೆ. ಫೋನ್ ಇರುವಾಗ ಕಾಗದವೇಕೆ ಎನ್ನಬೇಡ. ಫೋನಿನಲ್ಲಿ ಶನಿವಾರದಿಂದ ನಿನಗೆ ಸುಳ್ಳು ಹೇಳುತ್ತ ಬಂದಿದ್ದೇನೆ. ಯೋಗೀಶ ಜೈಪುರಕ್ಕೆ ಟೂರ್ ಹೋಗಿಲ್ಲ. ನಿನ್ನ ತಮ್ಮ ಪೊಲೀಸ್ ಲಾಕಪ್ಪಿನಲ್ಲಿದ್ದಾನೆ. ಅವನ ಕೈಯಿಂದ ಒಬ್ಬ ಮನುಷ್ಯ ಸತ್ತಿದ್ದಾನೆ. ಕುಳಿತುಕೊಂಡು ಪೂರ್ತಿ ಓದು, ಅತ್ತೆಯವರಿಗೆ ಈಗಲೇ ಹೇಳಬೇಡ.

ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದರೂ ನನ್ನ ಕೆಲಸವೇನೆಂದು ನಾನು ನಿನಗೆ ಸರಿಯಾಗಿ ಹೇಳಿಲ್ಲ. ತಂಪು ಪಾನೀಯ ಮಾರುವುದು ಅಂದುಕೊಂಡಿದ್ದೀಯ. ಮಾರುವುದು ಸುಲಭ, ಏಪ್ರಿಲ್ ಬಂದರೆ ದೆಹಲಿ ತಾನಾಗಿ ಬಾಯಿ ಬಿಡುತ್ತದೆ. ಕಷ್ಟವಿರುವುದು ಖಾಲಿ ಗಾಜಿನ ಬಾಟಲಿಗಳಲ್ಲಿ. ಅಂಗಡಿಯಿಂದ ಖಾಲಿ ಬಾಟಲಿ ವಾಪಸು ಬಂದರೆ ತಾನೇ ಕಾರ್ಖಾನೆಯಲ್ಲಿ ಮತ್ತೆ ತುಂಬುವುದು? ಆದ್ದರಿಂದ ಬೇಸಿಗೆಗೆ ಮುಂಚೆ ಎದುರು ಕಂಪನಿಯ ಖಾಲಿ ಬಾಟಲಿಗಳನ್ನು ಅಂಗಡಿಯವರಿಂದ ಎತ್ತಿಕೊಂಡು ಹೋಗಿ ಯಾವುದಾದರೂ ಮೈದಾನದಲ್ಲಿ ಒಡೆದು ಹಾಕುತ್ತೇವೆ. ಅವರೂ ನಮ್ಮವನ್ನು ಒಡೆಯುತ್ತಾರೆ. ಯಾವ ಕಾಗದದಲ್ಲೂ ಇದು ಇರುವುದಿಲ್ಲ, ಆದರೆ ಎರಡೂ ಕಡೆಯ ದೊಡ್ಡವರಿಗೆ ಗೊತ್ತು.

ನಾನು ಮೇಲೆ ಬಂದದ್ದು ಹೀಗೆಯೇ. ಮುನಿರ್ಕಾದಲ್ಲಿ ಐದು ಜನ ಒಂದೇ ಕೋಣೆಯಲ್ಲಿ ಮಲಗಿ, ಲಾರಿಗೆ ಕ್ರೇಟು ಹೇರುತ್ತಿದ್ದ ಈ ನಿನ್ನ ದೇವೇಂದ್ರಪ್ಪ ಸೂಪರ್‌ವೈಸರ್ ಆದದ್ದು ಒಂದೇ ಬೆಳಿಗ್ಗೆ ಮುನ್ನೂರು ಕ್ರೇಟು ಒಡೆದದ್ದಕ್ಕೆ. ಅಡ್ಡ ಬಂದ ಡ್ರೈವರನ ಭುಜದ ಮೂಳೆಯನ್ನೂ ಅವತ್ತು ಮುರಿದಿದ್ದೆ. ಮ್ಯಾನೇಜರ್ ಬೆನ್ನು ತಟ್ಟಿ ಶೇರ್, ಹುಲಿ ಎಂದ. ಏರಿಯಾ ಮ್ಯಾನೇಜರ್ ಆದದ್ದು ಫರೀದಾಬಾದಿನಲ್ಲಿ ಎದುರಿನವರ ಎರಡು ಲಾರಿ ಉರುಳಿಸಿದ ಮೇಲೆ. ನನ್ನ ಹುಬ್ಬಿನ ಮೇಲಿನ ಗಾಯ ಮೆಟ್ಟಿಲಿನಿಂದ ಬಿದ್ದದ್ದಲ್ಲ, ಅದು ಆಗಿನದೇ. ರೀಜನಲ್ ಮ್ಯಾನೇಜರ್ ಆದ ಮೇಲೆ ನಾನು ಒಡೆಯುವುದನ್ನು ಬಿಟ್ಟೆ, ಒಡೆಸತೊಡಗಿದೆ. ಫೆಬ್ರವರಿಯಲ್ಲಿ ಮ್ಯಾನೇಜ್‌ಮೆಂಟ್ ಕಾಲೇಜಿನವರು ನಾನು ಮೇಲೆ ಬಂದ ದಾರಿಯ ಬಗ್ಗೆ ಭಾಷಣ ಮಾಡಿಸಿದರಲ್ಲ, ನೀನು ರೇಷ್ಮೆ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪರಿಶ್ರಮ, ಗ್ರಾಹಕನ ನಗು ಎಂದೆಲ್ಲ ಊದಿದೆ. ಆ ಮಕ್ಕಳು ಬರೆದುಕೊಂಡರು. ಈಗ ನೆನೆದರೆ ನನ್ನ ಬಾಯಿಗೆ ನಾನೇ ಗುದ್ದಿಕೊಳ್ಳಬೇಕೆನಿಸುತ್ತದೆ.

ಶನಿವಾರ ಬೆಳಿಗ್ಗೆ ಏಳೂವರೆಗೆ ಯೋಗೀಶ ಫೋನ್ ಮಾಡಿದ. ತಿಲಕನಗರದ ಹಿಂದಿನ ಖಾಲಿ ಜಾಗದಲ್ಲಿ ಎದುರಿನವರ ಲಾರಿ ನಿಂತಿದೆ, ನಮ್ಮ ಇನ್ನೂರು ಕ್ರೇಟು ಅದರಲ್ಲಿದೆ, ಅವರು ಎಂಟು ಜನ, ನಾವು ಮೂವರು, ಬಿಟ್ಟು ಬರಲಾ ಭಾವ ಎಂದು ಕೇಳಿದ. ಅವನು ಹೆದರಿದ್ದು ದನಿಯಲ್ಲೇ ಗೊತ್ತಾಯಿತು, ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. "ಬಿಟ್ಟು ಬಂದ್ರೆ ನನ್ನ ಮನೆ ಹೊಸಿಲು ತುಳೀಬೇಡ" ಎಂದೆ. ಫೋನಿಟ್ಟು ಚಹಾ ಕುಡಿದೆ, ಸುಮಿತ್ರಾ. ಪೇಪರನ್ನೂ ಓದಿದೆ.

ಅವನು ಹೋದ. ಕ್ರೇಟು ಎಳೆದಾಡಿದರು, ಬಾಟಲಿ ತೂರಿದರು. ಯೋಗೀಶನ ತಲೆ ಒಡೆದು ರಕ್ತ ಕಣ್ಣಿಗಿಳಿದಿತ್ತಂತೆ. ಕಣ್ಣು ಕಾಣದೆ ಕೈಗೆ ಸಿಕ್ಕ ಒಡಕು ಬಾಟಲಿ ಬೀಸಿದ್ದಾನೆ. ಅದು ರಾಮ್‌ಫಲ್ ಎಂಬ ಅವರ ಸೇಲ್ಸ್‌ಮನ್‌ನ ಕತ್ತಿಗೆ ಹೊಕ್ಕಿತು. ಎರಡೂ ಕಡೆಯವರು ಓಡಿಹೋದರು. ನಿನ್ನ ತಮ್ಮ ಮಾತ್ರ ಓಡಲಿಲ್ಲ. ಅಂಗಿ ಬಿಚ್ಚಿ ಆ ಮನುಷ್ಯನ ಕತ್ತಿಗೆ ಒತ್ತಿ ಹಿಡಿದು ಗಾಜಿನ ರಾಶಿಯ ಮೇಲೆ ಕೂತಿದ್ದ, ಹಾಗಾಗಿ ಸಿಕ್ಕಿಬಿದ್ದ. ರಾಮ್‌ಫಲ್ ಸೋಮವಾರ ಆಸ್ಪತ್ರೆಯಲ್ಲಿ ತೀರಿಕೊಂಡ. ರೋಹತಕ್ ಕಡೆಯವನು, ಲಾರಿಗೆ ಕ್ರೇಟು ಹೇರುತ್ತಲೇ ಮೇಲೆ ಬಂದವನಂತೆ. ಯೋಗೀಶ ಪೊಲೀಸರಿಗೆ ಹೇಳಿರುವುದು ಒಂದೇ ಮಾತು, ನನ್ನನ್ನು ಯಾರೂ ಕಳಿಸಲಿಲ್ಲ, ನಾನೇ ಹೋದೆ ಎಂದು.

ನಿನ್ನೆ ಗುರಗಾಂವ್ ಆಫೀಸಿಗೆ ವೆಂಕಟಸುಬ್ಬಯ್ಯನವರು ಕರೆಸಿದ್ದರು. ನಮ್ಮ ದೊಡ್ಡ ಸಾಹೇಬರು ಗೊತ್ತಲ್ಲ, ಏನಾದರೂ ಬೇಕಾದಾಗ ಮಾತ್ರ ಕನ್ನಡ ನೆನಪಾಗುವ ಮೈಸೂರಿನವರು. ಹುಡುಗ ಒಪ್ಪಿಕೊಂಡಿದ್ದಾನೆ, ಕಂಪನಿಗೆ ಇದು ಗೊತ್ತೇ ಇರಲಿಲ್ಲ ಎಂದು ಬರೆದ ಹೇಳಿಕೆಗೆ ನೀನೊಂದು ಸಹಿ ಹಾಕು, ಜೂನ್‌ನಿಂದ ಇಡೀ ಉತ್ತರ ಭಾರತ ನಿನ್ನದು ಎಂದರು. ನಾನು ಪೆನ್ನು ಮುಟ್ಟದ್ದು ನೋಡಿ "ಅವನು ನಿನ್ನ ಸ್ವಂತ ತಮ್ಮನೇನಲ್ಲವಲ್ಲಪ್ಪಾ" ಎಂದರು. ನನ್ನ ಕೈ ಅವರ ಕತ್ತುಪಟ್ಟಿಗೆ ಹೋಗಿದ್ದು ನನಗೆ ತಿಳಿದದ್ದು ಅವರ ಕನ್ನಡಕ ಕೆಳಗೆ ಬಿದ್ದ ಮೇಲೆ. ಆದರೂ ಸಹಿ ಹಾಕುವುದಿಲ್ಲ ಎಂದು ಹೇಳಿ ಬರಲಿಲ್ಲ. ಕಾಗದ ಜೇಬಿನಲ್ಲಿಟ್ಟುಕೊಂಡು ಬಂದೆ.

ಕೋರ್ಟು ವ್ಯವಹಾರ ಬಲ್ಲ ಪಕ್ಕದ ಮನೆಯ ಚಿದಂಬರ ಹೇಳುವ ಪ್ರಕಾರ, ಸ್ವಂತ ದ್ವೇಷದಿಂದ ಹೋದ ಎಂದಾದರೆ ಯೋಗೀಶನಿಗೆ ಜೀವಾವಧಿ ತಪ್ಪಿದ್ದಲ್ಲ. ಮೇಲಿನವನು ಕಳಿಸಿದ, ಅಲ್ಲಿ ಹೊಡೆದಾಟವಾಯಿತು ಎಂದಾದರೆ ಅವನ ಶಿಕ್ಷೆ ಇಳಿಯಬಹುದು, ಆದರೆ ಕಳಿಸಿದವನೂ ಒಳಗೆ ಹೋಗಬೇಕು. ಇಪ್ಪತ್ತೇಳು ವರ್ಷದ ಹುಡುಗ. ಊರಿನಲ್ಲಿ ಮಗ್ಗದ ಬಟ್ಟೆ ಅಂಗಡಿ ನೋಡಿಕೊಂಡಿದ್ದವನನ್ನು, ಮನುಷ್ಯನನ್ನಾಗಿ ಮಾಡುತ್ತೇನೆಂದು ನಾನೇ ಕರೆತಂದು ನನ್ನ ಕೈಕೆಳಗೆ ಸೇರಿಸಿಕೊಂಡೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದು ಎಂದು ಅತ್ತೆಯವರು ನನ್ನನ್ನು ನೋಡಿಯೇ ಹೇಳುತ್ತಿದ್ದರೇನೋ. ನನಗೆ ಭಯವಾಗುತ್ತಿದೆ. ಸೋಮವಾರ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸುತ್ತಾರೆ. ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತೇನೆ, ಸಿಕ್ಕ ಕೂಡಲೇ ಏನು ಮಾಡಲಿ ಎಂದು ಫೋನ್ ಮಾಡಿ ನೀನು ಹೇಳು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅತ್ತೆಯವರ ಪಾದಕ್ಕೆ ನನ್ನ ಶರಣು ತಿಳಿಸು. ಮಾತ್ರೆ ತಪ್ಪಿಸಬೇಡ.

ನಿನ್ನ,
ದೇವೇಂದ್ರಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಚ್ಚಿ ಠಾಣೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ತಮ್ಮನೋ ಗಂಡನೋ ಎಂದು ನಿನ್ನನ್ನು ಕೇಳಿದ್ದು ಹೇಡಿತನ, ಮೇಲಿನ ಮಾತು ಮರೆತುಬಿಡು. ಕಳಿಸಿದವನು ನಾನು ಎಂದು ಬರೆದುಕೊಟ್ಟು ಸಹಿ ಹಾಕಿದೆ. ಯೋಗೀಶನಿಗೆ ಗೊತ್ತಾಗಿ, "ಅಕ್ಕನ್ನ ಯಾರು ನೋಡ್ಕೋತಾರೆ ಅಂತ ತಾನೇ ನಾನು ಒಪ್ಕೊಂಡಿದ್ದು" ಎಂದು ಪೊಲೀಸರೆದುರೇ ನನ್ನ ಕೆನ್ನೆಗೆ ಬಾರಿಸಿದ. ನಾನು ತಿರುಗಿ ಕೈಯೆತ್ತಲಿಲ್ಲ, ಸುಮಿತ್ರಾ. ನನ್ನನ್ನು ಇನ್ನು ಮನೆಗೆ ಬಿಡುವುದಿಲ್ಲವಂತೆ. ಕಾಗದವನ್ನು ಚಿದಂಬರ ಅಂಚೆಗೆ ಹಾಕುತ್ತಾನೆ. ಅವನು ವಕೀಲರೊಬ್ಬರನ್ನು ಕರೆತಂದಿದ್ದಾನೆ, ಇಬ್ಬರಿಗೂ ಒಬ್ಬರೇ ವಾದಿಸಲು ಆಗುವುದಿಲ್ಲವಂತೆ. ಅವರು ಯೋಗೀಶನಿಗಿರಲಿ.