ಉಳ್ಳಾಗಡ್ಡಿಗೆ ಸೊನ್ನಿ

ಗಂಗಾ,

ಮೂರನೇ ಇಯತ್ತೇದಾಗ ಇಡೀ ಸಾಲಿಗೆ ಪಹಿಲಾ ನಂಬರ ಬಂದಾಕಿ ನಾನು. ಅರ್ಧಾ ಸುಳ್ಳು, ಪರೀಕ್ಷಾ ದಿನಾ ಹೋದಾಕಿ ನಾ ಒಬ್ಬಾಕೀನ.

ಈಗ ನಮ್ಮ ಓಣ್ಯಾಗಿನ ಪದ್ಮವ್ವ ಬಂದು ಕೃಷ್ಣಾ ಹೊಳಿ ತುಂಬೂ ಹಂಗ ಅತ್ತಳು. ಸಾಲ್ಯಾಗ ನೀ ಚಿತ್ರಾ ತೋರಿಸಿ ಬುದ್ಧಿ ಪರೀಕ್ಷಾ ಮಾಡಿದೆಲ್ಲ, ಅಕಿ ಮಗಳು ಸಿದ್ಧಿ ಉಳ್ಳಾಗಡ್ಡಿ ಅಂದ್ಲು, ಕಸಬರಿಗಿ ಅಂದ್ಲು. ಬೆಂಗಳೂರಿಂದ ಬಂದ ನಿನ್ನ ಉತ್ತರದ ಹಾಳ್ಯಾಗ ಈರುಳ್ಳಿ, ಪೊರಕೆ ಅಂತ ಇತ್ತಂತ ಸೊನ್ನಿ ಹಾಕಿದೆ. ನಿನ್ನೆ ಊಟಕ್ಕ ಕುಂತಾಗ ನೀನ ನಕ್ಕೋತ ಹೇಳಿದ್ದಿ. ಇವತ್ತ ಮಾಸ್ತರು ಆ ಕೂಸಿಗೆ ಬುದ್ಧಿ ಸಾಲದಂತ ಮೂರನೇ ಇಯತ್ತೇದಿಂದ ಒಂದನೇ ಇಯತ್ತೇಕ ಇಳಿಸ್ಯಾರ.

ನಿಮ್ಮ ಮುತ್ಯಾ, ನನ್ನ ಗಂಡ, ಸಾಯೂತನಕ ಉಳ್ಳಾಗಡ್ಡೀನ ಅಂದ್ರು. ಅವರಿಗೂ ಬುದ್ಧಿ ಕಡಿಮಿ ಇತ್ತೇನು? ಇತ್ತು, ಅದು ಬ್ಯಾರೆ ಮಾತು.

ಬುಟ್ಟ್ಯಾಗ ರೊಟ್ಟಿ ಅದಾವ. ಝುಣಕಕ್ಕ ಉಳ್ಳಾಗಡ್ಡಿ ಹಾಕೇನಿ, ಗಂಟಲದಾಗ ಇಳದ್ರ ತಿನ್ನು. ಎಮ್ಮಿಗೆ ನೀರ ಕುಡಿಸು.

ನಾ ತಾಯಿ ಮಗಳನ್ನ ಕರಕೊಂಡು ಜಮಖಂಡಿ ಬಸ್ಸಿಗೆ ಹೊಂಟೇನಿ. ನೀ ಯಾರ ಕೈಕೆಳಗ ಸಹಾಯಕಿ ಅಂತ ದುಡೀತಿ, ಆ ದೊಡ್ಡ ಮೇಡಮ್ಮಾರ ಹಂತೇಕ. ಹಾಳ್ಯಾಗ ಸೊನ್ನಿ ಹಾಕಿದಾಕಿ ಯಾರು, ಎಲ್ಲಿಯಾಕಿ ಅಂತ ಅವರು ಕೇಳೇ ಕೇಳತಾರ.

ಆವಾಗ ಈ ನಿನ್ನ ಆಯಿ ಏನ ಹೇಳತಾಳ, ಬುದ್ಧಿ ಅಳಿಯಾಕಿ ನೀನ ಹೇಳ ನೋಡೂಣು.